ಎಂಟು ಟ್ಯುಲಿಪ್ ಹೂ

ಪೊಲ್ತಾವ, ಏಪ್ರಿಲ್

ಪ್ರಿಯ ಜೋರಿಯಾನಾ,

ಮಗಳ ಹುಟ್ಟುಹಬ್ಬದ ಫೋಟೋ ತಲುಪಿತು. ಸೊಲೋಮಿಯ ಎತ್ತರವಾಗಿದ್ದಾಳೆ, ಜರ್ಮನಿಯ ನೀರು ಒಗ್ಗಿದೆ. ಕೇಕಿನ ಹಿಂದಿರುವ ಟ್ಯುಲಿಪ್ ಹೂಗಳನ್ನು ನಿಮ್ಮ ಮನೆಯೊಡೆಯ ಕ್ಲೌಸ್ ತಂದನೆಂದು ಅವಳೇ ಫೋನಿನಲ್ಲಿ ಹೇಳಿದಳು. ಸೈಕಲ್ಲನ್ನೂ ಅವನೇ ಕಲಿಸಿದನಂತೆ. ನಾನೇನೂ ಕೇಳುತ್ತಿಲ್ಲ. ಯುದ್ಧ ಮುಗಿಯುವವರೆಗೆ ನನ್ನ ವಯಸ್ಸಿನ ಗಂಡಸರು ಗಡಿ ದಾಟುವಂತಿಲ್ಲ; ಸೈಕಲ್ ಯಾರಾದರೂ ಕಲಿಸಲೇಬೇಕಲ್ಲ.

ಹೂ ಎಣಿಸಿದ್ದು ನಾನಲ್ಲ, ಪಕ್ಕದ ಮನೆಯ ಪರಾಸ್ಕ ಅಜ್ಜಿ. "ಅಯ್ಯೋ, ಎಂಟು! ಸರಿಸಂಖ್ಯೆ ಹೂವ ಸತ್ತೋರಿಗಲ್ವೇನೋ ಇಡೋದು? ಯುಖಿಮ್, ನಿನ್ನ ಹೆಂಡ್ತಿ ನಿಂಗೇ ಇಟ್ಟವ್ಳೆ ನೋಡು!" ಎಂದು ನಕ್ಕಳು. ನಾನೂ ನಕ್ಕೆ.

ಕ್ಲೌಸನಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಅವನ ತಪ್ಪಲ್ಲ. ನಿನಗೆ ಗೊತ್ತಿತ್ತಲ್ಲ? ನಮ್ಮ ಮದುವೆಯಲ್ಲಿ ನನ್ನ ಸೋದರಮಾವ ತಂದ ಹೂಗುಚ್ಛವನ್ನು ಅವರೆದುರೇ ಎಣಿಸಿ, ಹೆಚ್ಚಿನದೊಂದನ್ನು ಕಿತ್ತು ನನ್ನ ಕೋಟಿಗೆ ಸಿಕ್ಕಿಸಿದವಳು ನೀನು. ಈಗ ಯಾಕೆ ಎಣಿಸಲಿಲ್ಲ?

ಮಗಳಿಗೆ ಒಣಗಿಸಿದ ಚೆರ್ರಿ ಹಣ್ಣು ಕಳಿಸಿದ್ದೇನೆ. ಅದು ತಲುಪುವಷ್ಟರಲ್ಲಿ ಆ ಹೂಗಳು ಬಾಡಿರುತ್ತವೆ. ಅವನು ಮತ್ತೆ ತರುತ್ತಾನೆ, ನನಗೆ ಗೊತ್ತು. ಆಗ ಒಂದನ್ನು ತೆಗೆದುಬಿಡು, ಜೋರಿಯಾನಾ. ನಾನಿನ್ನೂ ಬದುಕಿದ್ದೇನೆ.

ಇನ್ನೂ ನಿನ್ನವನೇ,
ಯುಖಿಮ್