ಬೈಯುವಾಗಲೂ ನಗುವ ಹಲ್ಲುಸೆಟ್ಟು

ಪ್ರೀತಿಯ ಅಕ್ಕಾ,

ಶಿಲ್ಪಕಲೆ ಓದಿದವರಿಗೆ ನೂರು ದಾರಿಗಳಿವೆ ಎಂದು ಕಾಲೇಜಿನಲ್ಲಿ ಹೇಳಿದ್ದರಲ್ಲ, ಅದರಲ್ಲೊಂದು ನನ್ನನ್ನು ಇಲ್ಲಿ ಹಲ್ಲುಸೆಟ್ಟು ಮಾಡುವವರ ಬಾಗಿಲಿಗೆ ತಂದು ಬಿಟ್ಟಿದೆ. ಕವಿಗಳು ದಾಳಿಂಬೆ ಬೀಜ ಎಂದದ್ದೆಲ್ಲ ಇಲ್ಲಿ ತಟ್ಟೆಗಟ್ಟಲೆ ಒಣಗುತ್ತಿರುತ್ತದೆ.

ನನ್ನ ಮೊದಲ ಸೆಟ್ಟು ಗಿರಾಕಿಗೆ ಒಪ್ಪಿಗೆಯಾದರೆ ಮಾತ್ರ ಕೆಲಸ ಎಂದು ಮಾಲೀಕರು ಹೇಳಿದ್ದರು. ಗಿರಾಕಿ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಎತ್ತರದಲ್ಲಿ ನಿಲ್ಲಿಸುವ ಪ್ರತಿಮೆಯ ಮುಖವನ್ನು ದೂರಕ್ಕೂ ಕಾಣಲೆಂದು ಕೊಂಚ ದೊಡ್ಡದಾಗಿ ಕೆತ್ತುತ್ತೇವೆ. ಅದೇ ಅಭ್ಯಾಸಬಲದಿಂದ ಅವರ ಮುಂದಿನ ಹಲ್ಲುಗಳನ್ನೂ ದೊಡ್ಡದು ಮಾಡಿಬಿಟ್ಟೆ. ಇವತ್ತು ಹಾಕಿ ನೋಡಿದರೆ ಪುಣ್ಯಾತ್ಮರ ತುಟಿ ಮುಚ್ಚಲೇ ಇಲ್ಲ. "ಯಾರ್ರೀ ಇದನ್ನ ಮಾಡಿದ್ದು?" ಎಂದು ಗುಡುಗಿದರು. ಮುಖ ಮಾತ್ರ ಫೋಟೋಗೆ ನಿಂತವರ ಹಾಗೆ ನಗುತ್ತಿತ್ತು. ಮಾಲೀಕರು ತಲೆಯ ಮೇಲೆ ಕೈ ಹೊತ್ತರು. ನಾನು ಸೆಟ್ಟು ತೆಗೆಯಲು ಕೈ ಚಾಚಿದೆ.

ಆಗ ಜೊತೆಗೆ ಬಂದಿದ್ದ ಮಾಸ್ಟರ ಹೆಂಡತಿ ನನ್ನ ಕೈ ಹಿಡಿದು, "ತೆಗೀಬೇಡಮ್ಮಾ! ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಇವರು ನಗ್ತಾ ಬೈದಿದ್ದು ಇವತ್ತೇ ಮೊದಲು" ಎಂದರು. ಮಾಸ್ಟರು ಕನ್ನಡಿ ನೋಡಿಕೊಂಡು ಇನ್ನಷ್ಟು ಬೈದರು, ಕೊನೆಗೆ ನಿಜವಾಗಿಯೇ ನಕ್ಕರು. "ಸರಿ, ಊಟಕ್ಕೆ ಸಣ್ಣದೊಂದು ಮಾಡಿಕೊಡಿ. ಇದು ಇವಳನ್ನ ಬೈಯೋದಕ್ಕೆ ಇರಲಿ."

ಒಂದರ ಬದಲು ಎರಡು ಸೆಟ್ಟು! ಮಾಲೀಕರು ನನಗೊಂದು ಮೇಜು ಕೊಟ್ಟಿದ್ದಾರೆ. ಕಲ್ಲಿನ ಧೂಳಿಲ್ಲದೆ ಕೆಮ್ಮೂ ನಿಂತಿದೆ. ಕಾರ್ಡು ತುಂಬಿತು. ಭಾವನ ಬಾಯಿಯ ಅಳತೆ ಬೇಗ ಕಳಿಸು, ನಗುತ್ತಲೇ ಬೈಯುವಂಥದ್ದೊಂದು ನಿನಗೂ ಮಾಡಿಕೊಡುತ್ತೇನೆ.

ನಿನ್ನ ತಂಗಿ