ಮೂರನೆಯ ಹಾಡು

ವೆಂಡೆಲ್,

ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ಇವತ್ತು ಮೇಕನ್ ಊರಿನ ರೆಕಾರ್ಡ್ ಅಂಗಡಿಗೆ ಬಂತು. ಕೇಳಲು ನಿನ್ನ ಅಮ್ಮ ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು ಬಂದಿದ್ದಳು. ಮೂರನೆಯ ಹಾಡಿನಲ್ಲಿ ಗಿಟಾರಿನ ತಂತಿಯ ಮೇಲೆ ಬೆರಳಿಗೆ ತೊಟ್ಟ ಬಾಟಲಿ ಕತ್ತಿನ ಗಾಜು ಜಾರಿದ್ದೇ ತಡ, ಕಣ್ಣು ಮುಚ್ಚಿದಳು.

“ಇದು ನನ್ನ ಮಗನ ಕೈಯೇ. ಸಾಯೋ ಮುಂಚೆ ನುಡಿಸಿಟ್ಟು ಹೋದ್ನಲ್ಲಪ್ಪ!”

ಜಗಳವಾಡಿ ನಿನ್ನನ್ನು ಬ್ಯಾಂಡಿನಿಂದ ಹೊರಗೆ ಹಾಕಿದ ವಾರವೇ ನೀನು ನುಡಿಸಿದ್ದನ್ನು ಟೇಪಿನಿಂದ ಅಳಿಸಿದ್ದೆವು. ನೀನು ಕಲಿಸಿದ ಹಾಗೆಯೇ ಮತ್ತೆ ನುಡಿಸಿದವನು ನಾನು. ಅದನ್ನು ಅವಳಿಗೆ ಹೇಳಲಿಲ್ಲ.

“ಕನ್ನಡಕ ಮರ್ತು ಬಂದೆ ಕಣೋ. ಅವನ ಹೆಸರು ಎಲ್ಲಿದೆ, ತೋರ್ಸು.”

ಅವಳ ಬೆರಳು ಹಿಡಿದು ಕವರಿನ ಮೇಲಿಟ್ಟೆ. ಮಗುವಿನ ಕೆನ್ನೆಯನ್ನು ಸವರುವಂತೆ ಸವರಿದಳು.

ಅಲ್ಲಿದ್ದದ್ದು ನನ್ನ ಹೆಸರು.