ತಾಟು ತೆಗೆಯುವಾಗ ಕಂಡದ್ದು

ಹ್ಯಾರೋ, ಲಂಡನ್,
ಬುಧವಾರ, ೧೨ ಮಾರ್ಚ್ ೨೦೨೫

ನನ್ನ ಸಿಟ್ಟಿನ ಮಗಳು ಅಮೂಲ್ಯಾಗೆ, ನಿನ್ನ ಅವ್ವ ಮಾಡುವ ಆಶೀರ್ವಾದ.

ಭಾನುವಾರ ಬಾಗಿಲು ಬಡಿದು ಹೋದವಳು ಇನ್ನೂ ಫೋನ್ ಎತ್ತುತ್ತಿಲ್ಲ. ಎತ್ತಬೇಡ. ಈ ಪತ್ರವನ್ನೂ ಶೇಂಗಾ ಹೋಳಿಗೆಯ ಡಬ್ಬಿಯನ್ನೂ ನಿಮ್ಮ ಪಪ್ಪಾ ವೆಂಬ್ಲಿಗೆ ಬಂದು ನಿನ್ನ ಫ್ಲ್ಯಾಟಿನ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ನೀನು ಕನ್ನಡ ಓದುವುದು ಒಂದೊಂದೇ ಅಕ್ಷರ ಕೂಡಿಸಿಕೊಂಡು. ಅಷ್ಟು ನಿಧಾನ ಓದುತ್ತ ಯಾರಿಗೂ ಸಿಟ್ಟು ಹಿಡಿದುಕೊಂಡು ಕೂಡಲು ಆಗುವುದಿಲ್ಲ.

ಮೊದಲು ನನ್ನ ವಾದ ಕೇಳು. ಹೋದ ಶುಕ್ರವಾರ ನೀನು ಫೋನ್ ಮಾಡಿ, ನಾಳೆ ಊಟಕ್ಕೆ ಒಬ್ಬರನ್ನು, ನಾಡಿದ್ದು ಇನ್ನೊಬ್ಬರನ್ನು ಕರೆತರುತ್ತೇನೆ, ಚೆನ್ನಾಗಿ ಅಡುಗೆ ಮಾಡು ಅಂದೆ. ಅಷ್ಟೇ. ಶನಿವಾರ ಅಮೆರಿಕದ ಗ್ರಾಂಟ್ ಬಂದ. ಭಾನುವಾರ ರಫಾಯಲ್ ಬಂದ, ಡೊಮಿನಿಕನ್ ರಿಪಬ್ಲಿಕ್‌ನವನು. ಹ್ಯಾರೋದಿಂದ ಸೌತ್‌ಹಾಲ್ ತನಕ ನಮ್ಮ ಕಡೆಯವರ ಅರ್ಧ ಮದುವೆಗಳನ್ನು ಕೂಡಿಸಿದವಳು ನಾನು. ನನ್ನ ಎದುರಿಗೆ, ಮೂವತ್ತೆಂಟು ತುಂಬಿದ ನನ್ನ ಮಗಳು ಇಬ್ಬರು ಗಂಡಸರನ್ನು ತಂದು ಕೂಡಿಸಿ ರೊಟ್ಟಿ ಬಡಿಸು ಅಂದರೆ ನಾನು ಏನು ಕೇಳಬೇಕು? ಹವಾಮಾನದ ಸಮಾಚಾರವೇ?

ಕೇಳಿದೆ. ಇಷ್ಟು ದಿನ ಯಾಕೆ ಲಗ್ನವಾಗಲಿಲ್ಲ, ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ, ತಾಯಿಗೆ ಕೊನೆಯ ಸಲ ಯಾವಾಗ ಫೋನ್ ಮಾಡಿದ್ದೆ ಅಂತ ಇಬ್ಬರನ್ನೂ. ನೀನು ಮೇಜಿನ ಕೆಳಗೆ ನನ್ನ ಕಾಲು ತುಳಿದೆ. ಇನ್ನೂ ನೋಯುತ್ತದೆ. ಅವರು ನಿನ್ನ ಬೇಸ್‌ಬಾಲ್ ಕ್ಲಬ್ಬಿನ ಕೋಚ್ ಕೆಲಸಕ್ಕೆ ಬಂದವರು, ಈ ಶುಕ್ರವಾರ ಮಾಲೀಕರ ಮುಂದೆ ಇಬ್ಬರಲ್ಲಿ ಒಬ್ಬನ ಹೆಸರು ಹೇಳಬೇಕು, ಆರಿಸಿದ್ದು ಈ ಸಲವೂ ತಪ್ಪಿದರೆ ಜನರಲ್ ಮ್ಯಾನೇಜರ್ ಕುರ್ಚಿ ನಿನ್ನದಲ್ಲ ಎಂಬುದನ್ನೆಲ್ಲ ರಫಾಯಲ್ ಹೋದ ಮೇಲೆ ನೀನು ಇಂಗ್ಲಿಷಿನಲ್ಲಿ ಕೂಗಿ ಹೇಳಿದೆ. ‘ಯವ್ವಾ, ಅಷ್ಟ್ಯಾಕ ಒದರತೀ, ಬಾಜೂ ಮನಿಯವ್ರು ಕೌನ್ಸಿಲ್‌ಗೆ ಫೋನ್ ಮಾಡ್ಯಾರು’ ಅಂದೆ ನಾನು. ಅದಕ್ಕೇ ನೀನು ಎದ್ದು ಹೋದೆ.

ನಿನ್ನ ಕೆಲಸ ನನಗೆ ತಿಳಿಯುವುದಿಲ್ಲ ಅಂದೆಯಲ್ಲ, ಆ ಮಾತು ನನಗೆ ನಾಟಿತು. ಕನ್ಯಾ ನೋಡಲು ಹೋಗುವಾಗ ಸಣ್ಣವಳಾದ ನಿನ್ನನ್ನು ಎಲ್ಲಿ ಬಿಡಬೇಕೋ ತಿಳಿಯದೆ ಸಂಗಡ ಕರೆದುಕೊಂಡು ಹೋಗುತ್ತಿದ್ದೆ. ನೀನು ಮೂಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆ. ವಾಪಸು ಬರುವಾಗ ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಒಂದು ಸಲ ನೀನು ಹೇಳಿದ್ದೆ: ಆ ಹುಡುಗನ ಅವ್ವ ನೀರು ಕೇಳಿದರೂ ಅವನು ಏಳಲೇ ಇಲ್ಲ, ಅವನ ತಂಗಿ ಎದ್ದಳು ಅಂತ. ನನ್ನ ಕಣ್ಣಿಗೂ ಬೀಳದ್ದು ನಿನ್ನ ಕಣ್ಣಿಗೆ ಬಿದ್ದಿತ್ತು. ಆ ಸಂಬಂಧವನ್ನು ನಾನು ಅಲ್ಲಿಗೇ ಬಿಟ್ಟೆ.

ಮುಂದೆ ಕಾಲೇಜಿನ ಹತ್ತಿರದ ಪಾರ್ಕಿನಲ್ಲಿ ಬೇಸ್‌ಬಾಲ್ ಆಡುವ ಕ್ಲಬ್ಬಿನ ಆಟದ ಲೆಕ್ಕ ಬರೆಯಲು ಕೂತಾಗಲೂ ನೀನು ಅದನ್ನೇ ಮಾಡಿದೆ. ಉಳಿದವರು ಯಾರು ಚೆಂಡನ್ನು ದೂರ ಹೊಡೆದರು ಎಂದು ನೋಡುತ್ತಿದ್ದರು. ಔಟಾಗಿ ಬಂದವನು ಬೆಂಚಿನ ಮೇಲೆ ಹೇಗೆ ಕೂರುತ್ತಾನೆ ಎಂದು ನೀನು ನೋಡುತ್ತಿದ್ದೆ. ಯಾರಿಗೂ ಬೇಡವಾದ ಹುಡುಗರನ್ನು ಆರಿಸಿ ಅದೇ ಕ್ಲಬ್ಬಿಗೆ ಕಪ್ ತಂದುಕೊಟ್ಟೆ. ಲೆಕ್ಕ ಬರೆಯುವವಳನ್ನು ಜನರಲ್ ಮ್ಯಾನೇಜರ್ ಮಾಡಿದರು. ಅಂಕಿ-ಸಂಖ್ಯೆಯ ಜಾಣೆ ಅಂತ ಪೇಪರಿನವರು ಬರೆದರು, ನಾನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದೆ. ಅವಲಕ್ಕಿಯ ವಿಷಯ ಮಾತ್ರ ಯಾರೂ ಬರೆಯಲಿಲ್ಲ.

ಆಮೇಲೆ ಹಿಂದಿನ ಕೋಚ್ ಬಂದ. ಚೆಂಡೆಸೆಯುವ ಹುಡುಗನ ಭುಜ ನೋಯುತ್ತಿದೆ ಎಂಬುದನ್ನು ನಿನ್ನಿಂದ ಮುಚ್ಚಿಟ್ಟು ಆಡಿಸಿದ. ಹುಡುಗ ಆಟವನ್ನೇ ಬಿಡಬೇಕಾಯಿತು, ಕ್ಲಬ್ ಸೋಲುತ್ತ ಬಂತು. ಅವನನ್ನು ಆರಿಸಿದವಳು ನಾನೇ ಎಂದು ನೀನು ಕೊರಗುತ್ತೀ. ನಿನ್ನ ಕಣ್ಣಿನ ಮೇಲೆ ನಿನಗೇ ನಂಬಿಕೆ ಹೋಗಿದೆ.

ಈಗ ನಾನು ನೋಡಿದ್ದನ್ನು ಹೇಳುತ್ತೇನೆ. ಗ್ರಾಂಟ್ ಚೆಂದ ಮಾತಾಡಿದ. ಲಗ್ನ ಯಾಕೆ ಆಗಲಿಲ್ಲ ಅಂದರೆ ಹುಡುಗಿಯರಿಗೆ ತಾನು ಅರ್ಥವಾಗಲಿಲ್ಲ ಅಂದ. ಹಳೆಯ ಕ್ಲಬ್ ಯಾಕೆ ಬಿಟ್ಟೆ ಎಂದು ನಿಮ್ಮ ಪಪ್ಪಾ ಕೇಳಿದರೆ, ಆಟಗಾರರು ಸೋಮಾರಿಗಳು ಅಂದ. ಬದನೆಕಾಯಿ ಎಣ್ಣೆಗಾಯಿ ಬಾಯಿಗಿಟ್ಟು, ಇಂಥದ್ದು ಜನ್ಮದಲ್ಲಿ ತಿಂದಿಲ್ಲ ಅಂತ ಹೊಗಳಿದ. ಅವನು ಹೋದ ಮೇಲೆ ತಾಟು ತೆಗೆದೆ. ಎಣ್ಣೆಗಾಯಿ ಅಷ್ಟೂ ರೊಟ್ಟಿಯ ಕೆಳಗೆ ಅಡಗಿ ಕೂತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ರಫಾಯಲ್‌ನ ಕಿವಿ ಮೊದಲನೆಯ ತುತ್ತಿಗೇ ಕೆಂಪಾಯಿತು. ನನಗೆ ಇದು ಬಹಳ ಖಾರ, ಮೊಸರು ಇದ್ದರೆ ಕೊಡಿ ಅಂದ. ಮೊಸರು ಕಲಸಿಕೊಂಡು ತಾಟು ಖಾಲಿ ಮಾಡಿದ. ಮದುವೆ ಮುರಿದಿದೆ ಅಂದ. ತಪ್ಪು ಯಾರದು ಎಂದು ನಾನು ಕೇಳಿದಾಗ ನಿನಗೆ ನೀರು ನೆತ್ತಿಗೇರಿತು. ಅವನು ತುತ್ತು ಕೆಳಗಿಟ್ಟು, ಹೆಚ್ಚಿನದು ನನ್ನದೇ, ಮನೆಯಲ್ಲಿದ್ದಾಗಲೂ ಮನಸ್ಸು ಮೈದಾನದಲ್ಲಿರುತ್ತಿತ್ತು ಅಂದ. ಮಗಳು ಶನಿವಾರ ಇವನ ಹತ್ತಿರ ಬರುತ್ತಾಳಂತೆ. ಅವಳಿಗೆ ಜಡೆ ಹಾಕುವುದನ್ನು ಈಗ ಕಲಿಯುತ್ತಿದ್ದಾನಂತೆ.

ಖಾರವಾದದ್ದನ್ನು ರೊಟ್ಟಿಯ ಕೆಳಗೆ ಅಡಗಿಸುವವನು ನಾಳೆ ನೋಯುವ ಭುಜವನ್ನೂ ಅಡಗಿಸುತ್ತಾನೆ. ಇನ್ನೊಬ್ಬ ನಿನಗೆ ಬಂದು ಹೇಳುತ್ತಾನೆ. ಆಟ ಯಾರಿಗೆ ಹೆಚ್ಚು ಗೊತ್ತು, ಅದನ್ನು ನೀನು ನೋಡು. ನೀನೂ ಇದನ್ನೆಲ್ಲ ಕಂಡಿರುತ್ತೀ, ಇಲ್ಲದಿದ್ದರೆ ಅವರನ್ನು ಹೋಟೆಲಿಗೆ ಕರೆದೊಯ್ಯುತ್ತಿದ್ದೆ, ನನ್ನ ಅಡುಗೆಮನೆಗೆ ಕರೆತರುತ್ತಿರಲಿಲ್ಲ. ಶುಕ್ರವಾರ ಹೆದರದೆ ಹೆಸರು ಹೇಳು. ಹೋದರೆ ಕುರ್ಚಿಯೊಂದೇ ಹೋಗುತ್ತದೆ, ನಿನ್ನ ಕಣ್ಣನ್ನು ಯಾರೂ ಕಸಿದುಕೊಳ್ಳುವುದಿಲ್ಲ.

ಹೋಳಿಗೆಗೆ ತುಪ್ಪ ಹಚ್ಚಿಕೊಂಡು ತಿನ್ನು. ಡಬ್ಬಿ ತಿರುಗಿ ಬರಬೇಕು, ಮುಚ್ಚಳದ ಸಮೇತ.

ನಿನ್ನ ಅವ್ವ,
ಗುರುದೇವಿ

ತಾ.ಕ.: ಹುಡುಗನನ್ನು ಮನೆಗೆ ತೋರಿಸಲು ಕರೆತರುವ ಹುಡುಗಿ ತಲೆಯನ್ನಾದರೂ ಸರಿಯಾಗಿ ಬಾಚಿಕೊಂಡು ಬರುತ್ತಾಳೆ. ನೀನು ಎರಡೂ ದಿನ ಅದೇ ಕ್ಲಬ್ಬಿನ ಜಾಕೆಟ್ ಹಾಕಿಕೊಂಡು ಬಂದಿದ್ದೆ. ಬಾಗಿಲು ತೆರೆದಾಗಲೇ ನನಗೆ ಗೊತ್ತಾಯಿತು, ಇವರು ವರಗಳಲ್ಲ ಅಂತ. ಆದರೆ ಕೆಲಸ ಕೇಳಲು ಬಂದವನು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ. ಹುಡುಗಿಯ ತಾಯಿ ಕೇಳುವ ಪ್ರಶ್ನೆಗೆ ಯಾರೂ ತಯಾರಾಗಿರುವುದಿಲ್ಲ. ಮುಂದಿನ ಸಲ ಕಾಲು ತುಳಿಯಬೇಡ.